ಕುರ್ಚಿ ತೋರಿಸಿದರೆ ಸಾಲದು, ಕೆಲಸ ತೋರಿಸಬೇಕು

ಕೆ.ಆರ್. ನಗರ ಸೀಮೆಯ ಮಿರ್ಲೆಯಂಥ ಊರಿನಲ್ಲಿ ಬೆಳೆಯುವ ಮಗು ಕಣ್ಣಾರೆ ಕಾಣುವ ಉದ್ಯೋಗಗಳು ಕೆಲವೇ: ಮೇಷ್ಟ್ರು, ನರ್ಸಮ್ಮ, ಬಸ್ ಕಂಡಕ್ಟರ್, ಗೊಬ್ಬರದ ಅಂಗಡಿಯವರು. ವಕೀಲರು ಕಣ್ಣಿಗೆ ಬೀಳಬೇಕಾದರೆ ಮನೆಯಲ್ಲೊಂದು ಜಮೀನಿನ ವ್ಯಾಜ್ಯ ಇರಬೇಕು. ಹೆಣ್ಣುಮಗಳೊಬ್ಬಳು ಐಪಿಎಸ್ ಅಧಿಕಾರಿಯಾಗಿ ನಿಂತದ್ದನ್ನು ನೋಡಲು ಟಿ.ವಿ.ಯೇ ಗತಿಯಾಗಿತ್ತು. ಹಾಗಾಗಿ ಮಕ್ಕಳ ಮುಂದಿನ ಬದುಕಿನ ದೃಷ್ಟಿಯಿಂದ ಧಾರಾವಾಹಿಗಳನ್ನು ತೂಗಿ ನೋಡುವುದು ಅಗತ್ಯ. ನನ್ನ ಅಳತೆಗೋಲು ಒಂದೇ: ಅದು ಕೆಲಸವನ್ನು ತೋರಿಸಿತೇ, ಬರೀ ಕುರ್ಚಿಯನ್ನೇ?

1989ರಲ್ಲಿ ದೂರದರ್ಶನದಲ್ಲಿ ಶುರುವಾದ ‘ಉಡಾನ್’ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅದನ್ನು ಬರೆದು, ನಿರ್ದೇಶಿಸಿ, ಐಪಿಎಸ್ ಅಧಿಕಾರಿಯಾಗುವ ನಾಯಕಿ ಕಲ್ಯಾಣಿಯ ಪಾತ್ರವನ್ನೂ ಮಾಡಿದ ಕವಿತಾ ಚೌಧರಿ ಅವರಿಗೆ ಸ್ಫೂರ್ತಿ ಅವರ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ. ಐಪಿಎಸ್ ಅಧಿಕಾರಿಯಾಗಿದ್ದ ಕಾಂಚನ್ 2004ರಲ್ಲಿ ಉತ್ತರಾಖಂಡದ ಡಿಜಿಪಿಯಾದರು. ದೇಶದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. ಖಾಕಿ ತೊಡುವ ಮೊದಲಿನ ಅವಮಾನ, ಓದು, ತರಬೇತಿ ಎಲ್ಲಕ್ಕೂ ಆ ಧಾರಾವಾಹಿ ಜಾಗ ಕೊಟ್ಟಿತು. ಹಿಂದಿ ಬಾರದವರಿಗೂ ಆ ಹುಡುಗಿಯ ಹಟ ಅರ್ಥವಾಗುತ್ತಿತ್ತು.

ಕನ್ನಡದಲ್ಲಿ ಈ ಕೆಲಸ ಮಾಡಿದವರು ಧಾರಾವಾಹಿ ನಿರ್ದೇಶಕ ಟಿ.ಎನ್. ಸೀತಾರಾಂ. ಅವರ ಕೋರ್ಟ್ ದೃಶ್ಯಗಳನ್ನೇ ನೋಡಿ. ಕರಿ ಕೋಟಿನ ವಕೀಲ ಸಿ.ಎಸ್.ಪಿ.ಯಾಗಿ ಸ್ವತಃ ಅವರೇ ನಿಲ್ಲುತ್ತಾರೆ. ಕಟಕಟೆಯಲ್ಲಿರುವ ಸಾಕ್ಷಿಗೆ ಚಿಕ್ಕದೊಂದು ಪ್ರಶ್ನೆ, ಉತ್ತರ ಬರುವವರೆಗೆ ಮೌನ, ಮತ್ತೆ ಅದೇ ಎಳೆ ಹಿಡಿದು ಇನ್ನೊಂದು ಪ್ರಶ್ನೆ. ಕೂಗಾಟವಿಲ್ಲದೆ, ಮಾತಿನ ಕ್ರಮದಿಂದಲೇ ಸುಳ್ಳು ಕುಸಿಯುತ್ತದೆ. ವಾದವೆಂದರೆ ಜಗಳವಲ್ಲ, ಅದೊಂದು ವಿದ್ಯೆ. ಅದು ಕನ್ನಡದಲ್ಲೇ ನಡೆದೀತು ಎಂಬುದನ್ನು ಹಳ್ಳಿಯ ಮಗು ಇಲ್ಲಿ ಕಲಿಯಿತು. ಅವರದೇ 2018ರ ‘ಮಗಳು ಜಾನಕಿ’ಯಲ್ಲಿ ಐಪಿಎಸ್ ಕನಸಿನ ಹುಡುಗಿಯೇ ನಾಯಕಿಯಾದಳು.

ಆದರೆ ಈ ಕೋರ್ಟುಗಳಲ್ಲಿ ವಾಯಿದೆಯ ಬೇಸರ ಕಡಿಮೆ. ಸೀನಿಯರ್ ಹಿಂದೆ ಫೈಲು ಹಿಡಿದು, ಕೈಗೆ ಹೆಚ್ಚೇನೂ ಸಿಗದೆ ಕಳೆಯುವ ಜೂನಿಯರ್ ವಕೀಲರ ವರ್ಷಗಳು ಕಾಣುವುದೇ ಅಪರೂಪ. ಪಿಯುಸಿ ನಂತರ ನೇರವಾಗಿ ಐದು ವರ್ಷದ ಕಾನೂನು ಕೋರ್ಸ್ ಸೇರಬಹುದು, ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂಬಂಥ ದಾರಿದೀಪಗಳನ್ನು ಕಥೆಯೊಳಗೇ ಇಡಬಹುದಿತ್ತು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಕೆ.ಆರ್. ನಗರ ಸೀಮೆ ಭತ್ತದ ಕಣಜ. ಮಂಡ್ಯದ ವಿ.ಸಿ. ಫಾರಂನಲ್ಲಿ ಭತ್ತದ ತಳಿಗಳ ಮೇಲೆ ಸಂಶೋಧನೆ ನಡೆಯುತ್ತದೆ. ಆದರೂ ತಳಿ ವಿಜ್ಞಾನಿ ನಾಯಕಿಯಾದ ಧಾರಾವಾಹಿ ನನಗೆ ನೆನಪಾಗುವುದಿಲ್ಲ. ಕೃಷಿ ಕಾರ್ಯಕ್ರಮಗಳು ಅಪ್ಪನಿಗೆ ಔಷಧಿಯ ಪ್ರಮಾಣ ಹೇಳಿದವು. ಮಗಳಿಗೆ ಅನುಕರಿಸಲು ಒಬ್ಬ ವ್ಯಕ್ತಿಯನ್ನು ಕೊಡಲಿಲ್ಲ. ಈಗಿನ ಎಷ್ಟೋ ಧಾರಾವಾಹಿಗಳಲ್ಲಿ ಎಲ್ಲರೂ ಕಂಪನಿ ಮಾಲೀಕರು, ಆ ಕಂಪನಿ ಏನು ತಯಾರಿಸುತ್ತದೆ ಎಂಬುದೇ ಗೊತ್ತಾಗುವುದಿಲ್ಲ. ಅಂಥ ಕಥೆಯಿಂದ ಮಗುವಿಗೆ ಸಿಗುವುದು ಸಿರಿವಂತಿಕೆಯ ಆಸೆ ಮಾತ್ರ, ಕಸುಬಿನ ಪ್ರೀತಿಯಲ್ಲ.

ಟಿ.ವಿ. ಆಸೆ ಹುಟ್ಟಿಸಬಲ್ಲದು, ದಾರಿ ತೋರಬೇಕಾದವರು ದೊಡ್ಡವರು. ಮಗು ‘ನಾನೂ ಲಾಯರ್ ಆಗ್ತೀನಿ’ ಎಂದಾಗ ನಕ್ಕು ಸುಮ್ಮನಾಗಬೇಡಿ. ಕೆ.ಆರ್. ನಗರದ ಕೋರ್ಟಿಗೆ ಒಂದು ದಿನ ಕರೆದೊಯ್ಯಿರಿ, ವಕೀಲರೊಬ್ಬರನ್ನು ಊರಿನ ಹೈಸ್ಕೂಲಿಗೆ ಕರೆಸಿ ಮಾತಾಡಿಸಿ. ಕಥೆ ಬರೆಯುವವರು ಭತ್ತದ ಗದ್ದೆಯಲ್ಲಿ ನಿಂತು ಹೊಸ ತಳಿ ಪರೀಕ್ಷಿಸುವ ಹೆಣ್ಣುಮಗಳನ್ನೂ ನಾಯಕಿಯಾಗಿಸಲಿ. ಮಿರ್ಲೆಯ ಮಕ್ಕಳಿಗೆ ಅವಳೂ ಬೇಕು.