ಕ್ಷಯಾಣುಗಳ ತಳಿವೈವಿಧ್ಯ: ಒಂದು ವಿಮರ್ಶೆ

ಎಚ್.ಐ.ವಿ. ಸೋಂಕಿತರಲ್ಲಿ ಕ್ಷಯರೋಗವು ಎರಡು ಬಗೆಯಾಗಿ ತಲೆದೋರುವುದು: ದೇಹದಲ್ಲಿ ಬಹುಕಾಲ ಅಡಗಿದ್ದ ರೋಗಾಣುವು ಎಚ್ಚತ್ತುಕೊಳ್ಳಬಹುದು, ಇಲ್ಲವೇ ಸೋಂಕು ಇತರರಿಂದ ಹೊಸದಾಗಿ ತಗುಲಬಹುದು. ಮೊದಲನೆಯದಕ್ಕೆ ಮುಂಜಾಗ್ರತೆಯ ಔಷಧವೂ ಎರಡನೆಯದಕ್ಕೆ ಮನೆ, ಆಸ್ಪತ್ರೆಗಳಲ್ಲಿ ಹರಡದಂತೆ ತಡೆಯುವುದೂ ಮುಖ್ಯ. ಇವುಗಳಲ್ಲಿ ಯಾವುದು ಹೆಚ್ಚೆಂಬುದನ್ನು ಸಂಶೋಧಕರು ತಳಿಗಳಿಂದ ಊಹಿಸುತ್ತಾರೆ: ಸಾಮ್ಯ ಹೆಚ್ಚಿದ್ದರೆ ಸೋಂಕು ಹೊಸದು, ವೈವಿಧ್ಯ ಹೆಚ್ಚಿದ್ದರೆ ಹಳೆಯದು. ಈ ತರ್ಕವನ್ನು ಒಪ್ಪುವ ಮುನ್ನ ಅದರ ಆಧಾರವನ್ನು ಪರೀಕ್ಷಿಸಬೇಕು.

1997ರಲ್ಲಿ ಪ್ರಕಟವಾದ ಸ್ಪೋಲಿಗೋಟೈಪಿಂಗ್ ವಿಧಾನವು ಸುಮಾರು 44 ಲಕ್ಷ ಅಕ್ಷರಗಳ ವಂಶಲಿಪಿಯಲ್ಲಿ 43 ತುಣುಕುಗಳು ಇವೆಯೇ ಇಲ್ಲವೇ ಎಂಬುದನ್ನಷ್ಟೇ ನೋಡುತ್ತದೆ. ದಕ್ಷಿಣ ಭಾರತದಲ್ಲಿ ಪೂರ್ವ ಆಫ್ರಿಕ–ಭಾರತ ವಂಶವು ಪ್ರಬಲವೆಂದು ತಿಳಿಯಲು ಅದು ನೆರವಾಯಿತು. ಆದರೆ ಒಂದೇ ವಂಶವು ಪ್ರಬಲವಾದೆಡೆ, ನಿಕಟ ಸಂಬಂಧವಿಲ್ಲದ ಅಣುಗಳೂ ಒಂದೇ ವಿನ್ಯಾಸವನ್ನು ತೋರುವುದುಂಟು. ಸಾಮ್ಯವು ಇದ್ದುದಕ್ಕಿಂತ ಹೆಚ್ಚಾಗಿ ಕಾಣುವುದು.

ಇದಕ್ಕೆ ವಿರುದ್ಧವಾದ ದೋಷವು ಮಾದರಿಗಳ ಸಂಗ್ರಹದಲ್ಲಿದೆ. ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ ಒಬ್ಬರಿಂದೊಬ್ಬರಿಗೆ ರೋಗ ತಗುಲಿದ ನೆರೆಹೊರೆಯವರಿಬ್ಬರಲ್ಲಿ ಒಬ್ಬನು ಮಾತ್ರ ಬಳ್ಳಾರಿಯ ಆಸ್ಪತ್ರೆಯನ್ನು ತಲುಪಿದನೆಂದು ಭಾವಿಸೋಣ. ಅವನ ತಳಿಯು ಒಂಟಿಯೆಂದೇ ಗಣನೆಗೆ ಬರುವುದು. ಹೊಸ ಸೋಂಕನ್ನು ಹಳೆಯದೆಂದು ಬಗೆಯುವೆವು. ಅಲ್ಲದೆ ಎಚ್.ಐ.ವಿ. ಸೋಂಕಿತರ ಕಫದಲ್ಲಿ ಅನೇಕವೇಳೆ ಅಣುಗಳು ವಿರಳ. ರೋಗವು ಗ್ರಂಥಿಗಳಲ್ಲೋ ಮೆದುಳಿನ ಪೊರೆಯಲ್ಲೋ ನೆಲಸಿರಬಹುದು. ಕಫವನ್ನೇ ನೆಚ್ಚಿದ ಅಧ್ಯಯನದಿಂದ ಇಂಥವರು ಹೊರಗುಳಿಯುವರು.

ಈ ಎರಡು ದೋಷಗಳು ಪರಸ್ಪರ ಸರಿತೂಗುವುವೆಂದು ನಂಬಲು ಆಧಾರವಿಲ್ಲ. ವಂಶಲಿಪಿಯ ಪೂರ್ಣ ವಾಚನವು ಮೊದಲನೆಯದನ್ನು ಬಹುಮಟ್ಟಿಗೆ ನೀಗಿಸುವುದು. ಎರಡನೆಯದು ಹಾಗೆಯೇ ಉಳಿಯುವುದು. ಆದುದರಿಂದ ಎಷ್ಟು ರೋಗಿಗಳು, ಯಾವ ಊರಿನವರು, ಬಿಟ್ಟುಹೋದರೆಂಬುದನ್ನು ಹೇಳದ ಪ್ರಬಂಧದ ನಿರ್ಣಯವನ್ನು ಚಿಕಿತ್ಸಾನೀತಿಗೆ ಆಧಾರವಾಗಿ ಸ್ವೀಕರಿಸಲಾಗದು.