ಐವತ್ತು ಪೈಸೆಯ ಶಹಬ್ಬಾಸ್

ದೂರು ಬರೆಯಲು ನಮಗೆ ಎಲ್ಲಿಲ್ಲದ ಪುರುಸೊತ್ತು. ಮೆಚ್ಚುಗೆ ಮಾತ್ರ ಬಾಯಲ್ಲೇ ಉಳಿದುಬಿಡುತ್ತದೆ. ಅದನ್ನು ಕಾಗದಕ್ಕಿಳಿಸಲು ನನಗಂತೂ ಅಂಚೆ ಕಾರ್ಡೇ ಇಷ್ಟ. 1879ರಲ್ಲಿ ಭಾರತಕ್ಕೆ ಬಂದದ್ದು. ಬೆಲೆ ಬರೀ 50 ಪೈಸೆ. ಒಂದು ಬದಿಯ ಅರ್ಧ ವಿಳಾಸಕ್ಕೇ ಹೋಗುವುದರಿಂದ ಹೊಗಳಿ ಅಟ್ಟಕ್ಕೇರಿಸಲು ಜಾಗವಿಲ್ಲ. ಒಳ್ಳೆಯದೇ ಆಯಿತು.

‘ತಮ್ಮ ಸೇವೆ ಶ್ಲಾಘನೀಯ’ ಎಂಬುದು ಸನ್ಮಾನಪತ್ರದ ಭಾಷೆ, ಯಾರಿಗೆ ಬೇಕಾದರೂ ಹೊಂದುತ್ತದೆ. ಮಲೆನಾಡಿನ ಜಡಿಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗೆ ಹೀಗೆ ಬರೆಯಬೇಕು: ‘ಅಣ್ಣಾ, ಮೊನ್ನೆ ರಾತ್ರಿ ತಂತಿ ಮೇಲೆ ಬಿದ್ದ ಅಡಿಕೆ ಮರ ತೆಗೆಸಿ ಕರೆಂಟು ಕೊಟ್ಟಿರಿ. ಮಗಳು ಪರೀಕ್ಷೆಗೆ ಓದಿಕೊಂಡು ಹೋದಳು.’ ಅಷ್ಟೇ. ಹೆಸರು ಗೊತ್ತಿಲ್ಲದಿದ್ದರೆ ಮೆಸ್ಕಾಂ ಶಾಖಾ ಕಚೇರಿಗೆ ಹಾಕಿ. ಕಾರ್ಡಿಗೆ ಮುಚ್ಚುಮರೆಯಿಲ್ಲ, ಪೋಸ್ಟ್‌ಮ್ಯಾನ್ ಓದುತ್ತಾನೆ, ಕಚೇರಿಯ ಗುಮಾಸ್ತ ಓದುತ್ತಾನೆ, ಸಾಹೇಬರೂ ಕಣ್ಣಾಡಿಸುತ್ತಾರೆ. ಗುಟ್ಟು ಬರೆಯುವವರಿಗೆ ಇದು ತೊಂದರೆ, ಹೊಗಳುವವರಿಗೆ ಲಾಭ.

ಊರ ಯುವಕ ಸಂಘಕ್ಕೋ ಗ್ರಂಥಾಲಯಕ್ಕೋ ಬರೆದರೆ ಸೂಚನಾಫಲಕಕ್ಕೆ ಅಂಟಿಸಲೂಬಹುದು. ಗೆಳೆಯರಿಗೆ ಬರೆಯುವುದೇ ಕಷ್ಟ, ತಮಾಷೆ ಎಂದುಕೊಳ್ಳುತ್ತಾರೆ. ಆದರೂ ಬರೆಯಿರಿ.

ಲೇಖಕರನ್ನಂತೂ ಮರೆಯಬೇಡಿ. ಶಿವರಾಮ ಕಾರಂತರು ಓದುಗರ ಕಾಗದಗಳಿಗೆ ಉತ್ತರ ಬರೆಯುವುದರಲ್ಲಿ ಶಿಸ್ತಿನವರಾಗಿದ್ದರು; ಅವರ ಕಾರ್ಡುಗಳನ್ನು ಇಂದಿಗೂ ಜೋಪಾನವಾಗಿಟ್ಟುಕೊಂಡವರಿದ್ದಾರೆ.

ವಾಟ್ಸಾಪಿನ ಹೆಬ್ಬೆರಳೇ ಸಾಕೆನ್ನುವವರೊಂದಿಗೆ ನನ್ನ ಜಗಳವಿಲ್ಲ. ಕಾರ್ಡು ಬರೆಯುವವರು ಮಾತ್ರ ಪಿನ್‌ಕೋಡಿನ ಆರೂ ಅಂಕಿ ಬಿಡಿಸಿ ಬರೆಯಿರಿ, ಕೆಳಗೆ ನಿಮ್ಮ ಹೆಸರು ಹಾಕಿ.