ಡಗ್ಗಾ ಕೇಳಿಸದ ಆಲ್ಬಮ್

ಮೆಟಾಲಿಕಾ ಕೇಳುವ ನಾಲ್ಕು ಜನ ಒಂದು ಕಡೆ ಕೂತರೆ ಜಗಳ ಯಾವುದರ ಮೇಲೆ ಶುರುವಾಗುತ್ತೆ ಅಂತ ಕಣ್ಣು ಮುಚ್ಚಿ ಹೇಳಬಹುದು. 1988ರ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’. ನಮ್ಮ ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ ಈ ಜಗಳ ಮೂರು ವರ್ಷ ನಡೆದಿದೆ. ಮಂಡ್ಯದವನೊಬ್ಬ, ಮಂಗಳೂರಿನವನೊಬ್ಬ, ರೋಣದ ಕಡೆಯ ಬೆಳವಣಕಿಯವನು ನಾನೊಬ್ಬ.

“ಬೇಸೇ ಇಲ್ವಲ್ಲ ಗುರು ಇದ್ರಲ್ಲಿ. ಉಪ್ಪು ಹಾಕದ ಬಸ್ಸಾರು” ಅಂತ ಮಂಡ್ಯದವನು. “ಎಂಥದು ಮಾರಾಯ, ಅದೇ ಅದರ ಗಮ್ಮತ್ತು” ಅಂತ ಮಂಗಳೂರಿನವನು. ನಾನು ಮಂಗಳೂರಿನವನ ಪಾರ್ಟಿ. ಈಗಲೂ ಅರ್ಧ ಅವನ ಪಾರ್ಟಿಯೇ. ಉಳಿದರ್ಧ ಯಾಕೆ ಆ ಕಡೆ ವಾಲಿತು ಅಂತ ಹೇಳೋದಕ್ಕೇ ಇದನ್ನು ಬರೀತಾ ಇದ್ದೀನಿ.

ಮೆಟಲ್ ಕೇಳದವರಿಗೆ ಒಂದು ಮಾತು. ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಮಾಡೋದು ಹೆಚ್ಚು ಕಡಿಮೆ ತಬಲಾ ಜೋಡಿಯಲ್ಲಿ ಡಗ್ಗಾ ಮಾಡುವ ಕೆಲಸ. ಬಲಗೈ ತಬಲಾ ಟಣ್ ಟಣ್ ಅನ್ನುತ್ತೆ, ಎಲ್ಲರಿಗೂ ಕೇಳುತ್ತೆ. ಎಡಗೈ ಡಗ್ಗಾ ಗುಂಯ್ ಅಂದಾಗ ಮಾತ್ರ ಹಾಡು ನೆಲದ ಮೇಲೆ ಕೂರುತ್ತೆ. ಅದು ಇದ್ದಾಗ ಇದೆ ಅಂತ ಯಾರೂ ಹೇಳಲ್ಲ. ಇಲ್ಲದಿದ್ದಾಗ ಮಾತ್ರ ಏನೋ ಒಂದು ಕಮ್ಮಿ ಅನ್ನಿಸುತ್ತೆ, ಏನು ಅಂತ ಗೊತ್ತಾಗಲ್ಲ. ‘ಜಸ್ಟಿಸ್’ ಅಂಥ ಆಲ್ಬಮ್. ಒಂಬತ್ತು ಹಾಡು, ಅರವತ್ತೈದು ನಿಮಿಷ, ಡಗ್ಗಾ ಇಲ್ಲ.

ಇಲ್ಲ ಅಂದರೆ ಬಾರಿಸಿಲ್ಲ ಅಂತಲ್ಲ. ಬಾರಿಸಿದ್ದಾನೆ. ಜೇಸನ್ ನ್ಯೂಸ್ಟೆಡ್ ಅಂತ ಅವನ ಹೆಸರು. ಕತೆ ಅಭಿಮಾನಿಗಳಿಗೆಲ್ಲ ಬಾಯಿಪಾಠ, ಉಳಿದವರಿಗಾಗಿ ಹೇಳ್ತೀನಿ. 1986ರ ಸೆಪ್ಟೆಂಬರ್ 27ರ ಬೆಳಗಿನ ಜಾವ ಸ್ವೀಡನ್ನಿನ ರಸ್ತೆಯೊಂದರಲ್ಲಿ ಮೆಟಾಲಿಕಾದ ಬಸ್ಸು ಉರುಳಿತು. ಬೇಸ್ ವಾದಕ ಕ್ಲಿಫ್ ಬರ್ಟನ್ ಸತ್ತ, ಇಪ್ಪತ್ನಾಲ್ಕು ವರ್ಷ. ಬ್ಯಾಂಡಿನಲ್ಲಿ ಸಂಗೀತ ಓದಿಕೊಂಡಿದ್ದವನು ಅವನೇ, ಉಳಿದವರಿಗೆ ಒಂದು ಥರ ಮೇಷ್ಟ್ರು. ಅವರು ಅಳುತ್ತಾ ಕೂರಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ ಹೊಸಬನನ್ನು ಇಟ್ಟುಕೊಂಡು ಮತ್ತೆ ಸ್ಟೇಜ್ ಹತ್ತಿದರು. ಆ ಹೊಸಬನೇ ನ್ಯೂಸ್ಟೆಡ್. ಟೂರ್‌ಗಳಲ್ಲಿ ಅವನನ್ನು ಹಾಸ್ಟೆಲ್ಲಿನ ಜೂನಿಯರ್ ಥರ ಕಾಡಿದರು, ಹೋಟೆಲ್ ಬಿಲ್ಲುಗಳನ್ನು ಅವನ ತಲೆಗೆ ಕಟ್ಟಿದರು. ಇದನ್ನೆಲ್ಲ ಆಮೇಲೆ ಅವರೇ ಸಂದರ್ಶನಗಳಲ್ಲಿ ಒಪ್ಪಿಕೊಂಡಿದ್ದಾರೆ.

1988ರ ಮೊದಲ ತಿಂಗಳುಗಳಲ್ಲಿ ಲಾಸ್ ಏಂಜಲೀಸಿನಲ್ಲಿ ರೆಕಾರ್ಡಿಂಗ್. ನ್ಯೂಸ್ಟೆಡ್ ತನ್ನ ಭಾಗವನ್ನು ಒಬ್ಬ ಅಸಿಸ್ಟೆಂಟ್ ಎಂಜಿನಿಯರ್ ಜೊತೆ ಕೂತು ಬಾರಿಸಿ ಎದ್ದು ಹೋದ. ಬ್ಯಾಂಡಿನ ಉಳಿದ ಮೂವರು ಅಲ್ಲಿರಲಿಲ್ಲ. ಆಮೇಲೆ ಮಿಕ್ಸಿಂಗಿಗೆ ಕೂತವರು ಸ್ಟೀವ್ ಥಾಂಪ್ಸನ್, ಮೈಕಲ್ ಬಾರ್ಬಿಯೆರೊ. ಬೇಸನ್ನು ಕೇಳಿಯೂ ಕೇಳಿಸದ ಮಟ್ಟಕ್ಕೆ ಇಳಿಸು ಅಂದ ಡ್ರಮ್ಮರ್ ಲಾರ್ಸ್ ಉಲ್ರಿಕ್, ಇಳಿಸಿದ ಮೇಲೆ ಇನ್ನಷ್ಟು ಇಳಿಸು ಅಂದ ಅಂತ ಥಾಂಪ್ಸನ್ ಹೇಳ್ತಾನೇ ಬಂದಿದ್ದಾರೆ. ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಹೇಳೋದು ಬೇರೆ: ಟೂರ್ ಮಾಡಿ ಮಾಡಿ ನಮ್ಮ ಕಿವಿ ಸುಟ್ಟು ಹೋಗಿದ್ದವು, ಜೊತೆಗೆ ಜೇಸನ್ ನನ್ನ ಗಿಟಾರನ್ನೇ ಹಿಂಬಾಲಿಸುತ್ತಿದ್ದ, ಎರಡೂ ಒಂದರೊಳಗೊಂದು ಕಲಸಿಕೊಂಡವು ಅಂತ. ಎರಡೂ ನಿಜ ಇರಬಹುದು. ನನಗೆ ಮೊದಲನೆಯದೇ ಹೆಚ್ಚು ನಿಜ ಅನ್ನಿಸುತ್ತೆ, ಕಾರಣ ಮುಂದೆ ಬರುತ್ತೆ.

ಆಲ್ಬಮ್ ಮಾತ್ರ ಓಡಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆರನೇ ಸ್ಥಾನಕ್ಕೆ ಹೋಯಿತು. ಮುಂದಿನ ವರ್ಷದ ಗ್ರಾಮಿಯಲ್ಲಿ ಮೆಟಲ್ಲಿಗೆ ಅಂತ ಮೊದಲ ಸಲ ಇಟ್ಟ ಬಹುಮಾನ ಇವರಿಗೇ ಅಂತ ಎಲ್ಲರೂ ಕೂತಿದ್ದಾಗ, ಕೊಳಲು ಊದುವ ಜೆಥ್ರೊ ಟಲ್ ಬ್ಯಾಂಡಿಗೆ ಹೋಯಿತು. ಆ ನಗು ಇನ್ನೂ ನಿಂತಿಲ್ಲ.

ಈಗ ಹಾಡುಗಳ ವಿಷಯ. ಈ ಒಣ ಸೌಂಡಿನ ಪರ ನಾನು ವರ್ಷಗಟ್ಟಲೆ ವಾದ ಮಾಡಿದ್ದೇನೆ, ಅದರಲ್ಲಿ ಸ್ವಲ್ಪ ಭಾಗ ಇವತ್ತಿಗೂ ವಾಪಸ್ ತಗೊಳ್ಳಲ್ಲ. ‘ಬ್ಲ್ಯಾಕನ್ಡ್’ ತಗೊಳ್ಳಿ. ನೆಲ ಸುಟ್ಟು ಕರಿಯಾಗುವ ಹಾಡು ಅದು. ಶುರುವಿನಲ್ಲಿ ಗಿಟಾರುಗಳು ಹಿಮ್ಮುಖವಾಗಿ ಹರಿದು ಬರುತ್ತವೆ, ಆಮೇಲೆ ಗರಗಸ. ಮಾಂಸ ಇಲ್ಲ, ಬರೀ ಎಲುಬು. ಏಪ್ರಿಲ್ಲಿನಲ್ಲಿ ನಮ್ಮೂರ ಎರಿ ಹೊಲ ನೋಡಿದವರಿಗೆ ಈ ಸೌಂಡು ಅರ್ಥ ಮಾಡಿಸಬೇಕಿಲ್ಲ. ಬಿಳಿಜೋಳ, ಕಡ್ಲಿ ಎಲ್ಲ ಮನೆಗೆ ಬಂದ ಮೇಲೆ ಹೊಲ ಬಾಯಿ ಬಿಡುತ್ತೆ, ಬಿರುಕಿನಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು. ಪಿಯುಸಿ ಮುಗಿದ ಆ ಬೇಸಿಗೆಯಲ್ಲಿ ಗದಗಿನಿಂದ ಗೆಳೆಯನೊಬ್ಬ ಕಾಪಿ ಮಾಡಿ ಕೊಟ್ಟ ಕ್ಯಾಸೆಟ್ಟನ್ನು ವಾಕ್‌ಮನ್ನಿಗೆ ಹಾಕಿಕೊಂಡು ಅದೇ ಹೊಲದ ಬದುವಿನ ಮೇಲೆ ಮೊದಲ ಸಲ ಕೇಳಿದ್ದು. ಈ ಸಂಗೀತ ಇಲ್ಲಿಯದೇ ಅನ್ನಿಸಿಬಿಟ್ಟಿತು. ಆ ಹಾಡಿನ ರಚನೆಯಲ್ಲಿ ನ್ಯೂಸ್ಟೆಡ್ ಹೆಸರೂ ಇದೆ, ಇಡೀ ಆಲ್ಬಮ್ಮಿನಲ್ಲಿ ಅವನ ಹೆಸರು ಇರೋದು ಅದೊಂದಕ್ಕೆ ಮಾತ್ರ ಅನ್ನೋದು ಆಗ ಗೊತ್ತಿರಲಿಲ್ಲ.

‘ಒನ್’ ಬಗ್ಗೆ ಜಗಳವೇ ಇಲ್ಲ. ಯುದ್ಧದಲ್ಲಿ ಕೈ, ಕಾಲು, ಕಣ್ಣು, ಕಿವಿ, ಮಾತು ಎಲ್ಲ ಕಳೆದುಕೊಂಡ ಸೈನಿಕನ ಹಾಡು, ಡಾಲ್ಟನ್ ಟ್ರಂಬೊ 1939ರಲ್ಲಿ ಪ್ರಕಟಿಸಿದ ಕಾದಂಬರಿಯ ಎಳೆ. ಅದು ಹೇಗೆ ಮಿಕ್ಸ್ ಮಾಡಿದ್ದರೂ ನಿಲ್ಲುತ್ತಿತ್ತು. ಶೀರ್ಷಿಕೆಯ ಹಾಡು ಮಾತ್ರ ಹತ್ತು ನಿಮಿಷಕ್ಕೆ ಹತ್ತಿರ, ಮೂರು ನಿಮಿಷ ಕತ್ತರಿಸಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಮಂಗಳೂರಿನವನ ಜೊತೆ ನನಗೆ ಜಗಳ ಇರೋದು ಇಲ್ಲಿ. ಉದ್ದ ಇದ್ದ ಮಾತ್ರಕ್ಕೆ ಆಳ ಇದೆ ಅಂತ ಅವನ ನಂಬಿಕೆ, ಅವನು ಕೋಡ್ ಬರೆಯುವುದೂ ಹಾಗೇ.

‘ಹಾರ್ವೆಸ್ಟರ್ ಆಫ್ ಸಾರೋ’ ಬಂದಾಗ ಮಂಡ್ಯದವನು ಗೆಲ್ಲುತ್ತಾನೆ. ನಿಧಾನ ನಡಿಗೆಯ, ಭಾರದ ಹಾಡು ಅದು. ಭಾರವೇ ಇಲ್ಲದ ಭಾರ. ಎತ್ತಿನ ಗಾಡಿ ಖಾಲಿ ಹೋಗುವಾಗ ಮಾಡುವ ಗಡಗಡ ಸದ್ದಿದೆಯಲ್ಲ, ಹಾಗಿದೆ.

ಇನ್ನು ‘ಟು ಲಿವ್ ಈಸ್ ಟು ಡೈ’. ಸತ್ತ ಕ್ಲಿಫ್ ಬಿಟ್ಟು ಹೋದ ತುಣುಕುಗಳನ್ನು ಕೂಡಿಸಿ ಕಟ್ಟಿದ್ದು, ಹೆಚ್ಚೂಕಡಿಮೆ ಬರೀ ವಾದ್ಯ. ಬೇಸ್ ವಾದಕನ ನೆನಪಿಗೆ ಮಾಡಿದ ಹಾಡು. ಅದರಲ್ಲಿ ಬೇಸ್ ಕೇಳಲ್ಲ! ಈ ಒಂದು ವಿಷಯಕ್ಕೆ ನನ್ನ ಹತ್ತಿರ ಯಾವತ್ತೂ ಉತ್ತರ ಇರಲಿಲ್ಲ. ಮಂಡ್ಯದವನು ಇದನ್ನೆತ್ತಿದ ತಕ್ಷಣ ನಾನು ಟೀ ಮಾಡೋಕೆ ಏಳುತ್ತಿದ್ದೆ.

2011ರ ಅಕ್ಟೋಬರ್ 30, ಭಾನುವಾರ, ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂತು. ಎರಡು ದಿನ ಮೊದಲು ಗುರುಗ್ರಾಮದ ಷೋ ರದ್ದಾಗಿ ಅಲ್ಲಿ ಗಲಾಟೆ ಆಗಿದ್ದರಿಂದ ನಮಗೆಲ್ಲ ಇದೂ ಹೋಯ್ತು ಅಂತಲೇ ಜೀವ. ಮೂವರೂ ಹೋಗಿದ್ದೆವು. ‘ಒನ್’ ಬಾರಿಸಿದರು. ನ್ಯೂಸ್ಟೆಡ್ 2001ರಲ್ಲೇ ಬ್ಯಾಂಡ್ ಬಿಟ್ಟಿದ್ದ, ಬೇಸ್ ಹಿಡಿದವನು ರಾಬರ್ಟ್ ಟ್ರುಹಿಯೊ. ಹನ್ನೊಂದು ವರ್ಷದಿಂದ ಕೇಳಿದ ಹಾಡು ಅವತ್ತು ಮೊದಲ ಸಲ ಹೊಟ್ಟೆಗೆ ಬಂದು ಬಡಿಯಿತು. ಮಂಡ್ಯದವನು ತಿರುಗಿ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ, ಪುಣ್ಯಾತ್ಮ.

ಅವತ್ತು ವಾಪಸ್ ಬರುವಾಗ ನೆನಪಾದದ್ದು ಅರಮನೆ ಮೈದಾನ ಅಲ್ಲ, ಬೆಳವಣಕಿಯ ಒಂದು ಶ್ರಾವಣ.

ನಮ್ಮ ಕಡೆ ಶ್ರಾವಣ ಅಂದರೆ ಭಜನಿ. ಪೇಟಿ, ತಾಳ, ದಮ್ಮಡಿ, ತಬಲಾ, ರಾತ್ರಿ ಊಟ ಆದ ಮೇಲೆ ಶುರುವಾದರೆ ಕೋಳಿ ಕೂಗುವ ತನಕ. ಶರೀಫರು, ನಿಜಗುಣರು, ಸರ್ಪಭೂಷಣರು. ರೋಣ ಅಂದರೆ ಭೀಮಸೇನ ಜೋಶಿಯವರು ಹುಟ್ಟಿದ ನೆಲ, ಗದಗಿನಲ್ಲಿ ಪುಟ್ಟರಾಜ ಗವಾಯಿಗಳ ಆಶ್ರಮ. ಹಂಗಾಗಿ ನಮ್ಮಲ್ಲಿ ಕಟ್ಟೆ ಮೇಲೆ ಕೂತವರಿಗೂ ಕಿವಿ ಚುರುಕು, ತಾಳ ತಪ್ಪಿದರೆ ಬಾಯಿ ಇನ್ನೂ ಚುರುಕು. ನಮ್ಮ ಓಣಿಯ ಮೇಳಕ್ಕೆ ಮೂವತ್ತು ವರ್ಷ ತಬಲಾ ಬಾರಿಸಿದ್ದ ಅಜ್ಜ ಆ ವರ್ಷ ಉಗಾದಿ ಮುಂದ ತೀರಿಕೊಂಡಿದ್ದರು. ಅವರ ಡಗ್ಗಾಕ್ಕೆ ಒಂದು ಗುಂಗು ಇತ್ತು, ಅಂಗೈಯ ಬುಡ ಒತ್ತಿ ಎಳೆದರೆ ಕತ್ತಲೇ ನರಳಿದ ಹಾಗೆ. ಅವರ ಜಾಗಕ್ಕೆ ನರಗುಂದದ ಕಡೆಯ ಒಬ್ಬ ಹುಡುಗ ಬಂದ. ನನ್ನ ವಾರಗೆಯವನು, ಹದಿನೇಳೋ ಹದಿನೆಂಟೋ. ಕೈ ಚಲೋ ಇತ್ತು.

ನನ್ನ ಕೆಲಸ ಮೈಕ್ ಸೆಟ್. ಆಹುಜಾ ಆಂಪ್ಲಿಫೈಯರ್, ಒಂದೊಂದು ಮೈಕಿಗೆ ಒಂದೊಂದು ತಿರುಗುಣಿ. ಎರಡನೇ ಪದ ಮುಗಿಯುವಷ್ಟರಲ್ಲಿ ಪೇಟಿ ಹಿಡಿದಿದ್ದ ಕಾಕಾ ನನ್ನ ಕಡೆ ಬಗ್ಗಿ, “ತಮ್ಮಾ, ಅವಂದ ಸ್ವಲ್ಪ ತಗ್ಗಸು” ಅಂದರು. ತಗ್ಗಿಸಿದೆ. ಇನ್ನೊಂದು ಪದ ಆಯಿತು. “ಇನ್ನಾ ತಗ್ಗಸಪಾ, ಕಿವಿಗೆ ಬಡೀತೈತಿ.” ಬಡಿಯುತ್ತಿರಲಿಲ್ಲ. ನನಗೆ ಗೊತ್ತಿತ್ತು, ಮೀಟರಿನ ಮುಂದೆ ಕೂತವನು ನಾನು. ಆದರೂ ಸೊನ್ನೆಗೆ ತಂದಿಟ್ಟೆ. ಇಡೀ ಶ್ರಾವಣ ಹಾಗೇ ನಡೆಯಿತು. ಹುಡುಗ ಬಾರಿಸುತ್ತಲೇ ಇದ್ದ, ಹಾರ್ನಿನಲ್ಲಿ ಊರಿಗೆ ಕೇಳಿದ್ದು ಪೇಟಿ ಮತ್ತು ತಾಳ ಮಾತ್ರ. ಕಟ್ಟೆಯ ಮೇಲಿನವರು “ಅಜ್ಜ ಇದ್ದಾಗಿನ ಕಳಾ ಇಲ್ಲ ಬಿಡಪಾ” ಅಂದರು. ಹೇಗಿರುತ್ತೆ ಕಳಾ?

ಕಾಕಾ ಕೆಟ್ಟವರಲ್ಲ. ಆ ಜಾಗದಲ್ಲಿ ಬೇರೆ ಕೈಯ ಗುಂಗು ಕೇಳುವ ಶಕ್ತಿ ಅವರಿಗಿರಲಿಲ್ಲ ಅಷ್ಟೆ. ಖಾಲಿ ಬಿಟ್ಟರೆ ಅಜ್ಜ ಇನ್ನೂ ಅಲ್ಲೇ ಕೂತ ಹಾಗೆ ಏನೋ. ಥಾಂಪ್ಸನ್ ಹೇಳುವ ಕತೆ ನನಗೆ ಹೆಚ್ಚು ನಿಜ ಅನ್ನಿಸೋದು ಇದಕ್ಕೇ: “ಇನ್ನಷ್ಟು ಇಳಿಸು” ಅನ್ನುವ ಮಾತನ್ನು ನಾನು ಕೇಳಿದ್ದೇನೆ, ತಿರುಗುಣಿ ನನ್ನ ಕೈಯಲ್ಲೇ ಇತ್ತು. ‘ಒಣ ಸೌಂಡೇ ಇದರ ಸೌಂದರ್ಯ’ ಅಂತ ನಾನು ಅಷ್ಟು ವರ್ಷ ಜೋರಾಗಿ ವಾದಿಸಿದ್ದರಲ್ಲಿ ಸಂಗೀತ ಎಷ್ಟಿತ್ತು, ಆ ತಿರುಗುಣಿ ಎಷ್ಟಿತ್ತು ಅಂತ ಈಗ ಲೆಕ್ಕ ಸಿಗಲ್ಲ.

ಮೂವತ್ತು ವರ್ಷ ತುಂಬಿದಾಗ, 2018ರಲ್ಲಿ, ಆಲ್ಬಮ್ಮನ್ನು ರೀಮಾಸ್ಟರ್ ಮಾಡಿ ಬಿಟ್ಟರು. ಬೇಸ್ ಏರಿಸಲಿಲ್ಲ. ಹಳೆಯದನ್ನು ತಿದ್ದಬಾರದು, ಅದು ಆ ಹೊತ್ತಿನ ದಾಖಲೆ ಅನ್ನೋದು ಬ್ಯಾಂಡಿನ ನಿಲುವು. ನ್ಯೂಸ್ಟೆಡ್ ಕೂಡ ಅದು ಇದ್ದ ಹಾಗೇ ಇರಲಿ ಅನ್ನುವ ಧಾಟಿಯಲ್ಲೇ ಮಾತಾಡಿದ. ದೊಡ್ಡ ಮನಸ್ಸೋ ದಣಿವೋ ಗೊತ್ತಿಲ್ಲ. ಅಭಿಮಾನಿಗಳು ಸುಮ್ಮನಿರಲಿಲ್ಲ, ಅವರು ಮೊದಲೇ ತಮ್ಮ ಕೆಲಸ ಮಾಡಿಕೊಂಡಿದ್ದರು. 2009ರಲ್ಲಿ ಬಂದ ‘ಗಿಟಾರ್ ಹೀರೋ: ಮೆಟಾಲಿಕಾ’ ಗೇಮಿನಲ್ಲಿ ಒಂದೊಂದು ವಾದ್ಯದ ಟ್ರ್ಯಾಕ್ ಬೇರೆ ಬೇರೆ ಸಿಕ್ಕಿದ್ದೇ ತಡ, ಬೇಸ್ ಎತ್ತಿ ಕಟ್ಟಿದ ಆವೃತ್ತಿಗಳು ಹುಟ್ಟಿಕೊಂಡವು. ‘ಆ್ಯಂಡ್ ಜಸ್ಟಿಸ್ ಫಾರ್ ಜೇಸನ್’ ಅಂತ ಹೆಸರು ಬೇರೆ. ಕೇಳಿದೆ. ‘ಹಾರ್ವೆಸ್ಟರ್’ಗೆ ಜೀವ ಬಂದಿದೆ, ಒಪ್ಪಲೇಬೇಕು. ‘ಬ್ಲ್ಯಾಕನ್ಡ್’ ಮಾತ್ರ ಕೆಟ್ಟಿದೆ. ಮಳೆಯಾದ ಮೇಲಿನ ಎರಿ ಹೊಲದ ಹಾಗೆ ಕಾಲಿಗೆ ಮೆತ್ತಿಕೊಳ್ಳುತ್ತೆ, ಓಟ ಹೋಯಿತು. ಅನ್ಯಾಯ ಸರಿಪಡಿಸಿದರೆ ಹಾಡು ಚಂದ ಆಗಲೇಬೇಕು ಅಂತೇನೂ ಇಲ್ಲವಲ್ಲ. ಮಂಡ್ಯದವನು ಇದನ್ನು ಒಪ್ಪಲ್ಲ, ಫೋನಿನಲ್ಲೇ ಅರ್ಧ ಗಂಟೆ ಬೈದ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಬಸ್ ಸ್ಟ್ಯಾಂಡಿನ ಚಾದಂಗಡಿಯಲ್ಲಿ ಆ ಹುಡುಗ ಸಿಕ್ಕ. ಹುಡುಗ ಏನು ಬಂತು, ಈಗ ಇಬ್ಬರು ಮಕ್ಕಳ ತಂದೆ. ಮೇಳಕ್ಕೆ ಈಗಲೂ ಅವನೇ ತಬಲಾ. ಕಾಕಾ ಹೋದ ಮೇಲೆ ಮೈಕಿನ ತಿರುಗುಣಿ ಯಾರ ಕೈಯಲ್ಲಿದೆಯೋ ಕೇಳಲಿಲ್ಲ. ಮಾತು ಹೇಗೋ ಸಂಗೀತಕ್ಕೆ ಬಂತು. ಇಯರ್‌ಫೋನ್ ಕೊಟ್ಟು ‘ಟು ಲಿವ್ ಈಸ್ ಟು ಡೈ’ ಎರಡೂ ಥರ ಕೇಳಿಸಿದೆ, ಮೊದಲು ಮೂಲದ್ದು, ಆಮೇಲೆ ಅಭಿಮಾನಿಗಳದ್ದು. ಕಣ್ಣು ಮುಚ್ಚಿಕೊಂಡು ಎಡಗೈ ಬೆರಳನ್ನು ಬೆಂಚಿನ ಮೇಲೆ ಆಡಿಸುತ್ತಾ ಕೇಳಿದ. ಪೂರಾ ಕೇಳಲಿಲ್ಲ, ಯಾರು ಕೇಳ್ತಾರೆ ಅಷ್ಟುದ್ದ.

“ಎರಡನೇದ್ರಾಗ ಡಗ್ಗಾ ಕೇಳತೈತಿ” ಅಂದ.

“ಚಲೋ ಐತಿ?”

“ಬಾರಸಾವ ಚಲೋ ಅದಾನ.” ಇಯರ್‌ಫೋನ್ ತೆಗೆದು ವಯರು ಸುತ್ತುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. “ಆದ್ರ ಇಂವಾ ಅವರ ಕೂಡ ಕುಂತು ಬಾರಿಸಿಲ್ಲ, ಹೌದಿಲ್ಲೋ? ಒಬ್ಬಾವನ ಕುಂತು ಬಾರಿಸ್ಯಾನ.”

ಯಾರು ಹೇಳಿದರು ನಿನಗೆ ಅಂತ ಕೇಳಿದೆ. ಅವನು ನಕ್ಕ, ಇನ್ನೆರಡು ಚಾ ಹೇಳಿದ, ರೊಕ್ಕಾ ನನಗೆ ಕೊಡಗೊಡಲಿಲ್ಲ.